ಹೆಬ್ಬೆರಳು ಬ್ಯಾನಿ ಇದ್ರೂ ಕೈಲೆ ಕಟ್ಟಿಗಿ ತಿಕ್ಕೂದು, ನನ್ನ ಅನುಭವ

ಗಂಗಾವತಿ ಕಡೆ ಬಡಿಗತನ ಮಾಡ್ಕೊಂಡು ಬಂದವ ನಾನು. ಬಾಗಿಲು ಚೌಕಟ್ಟು, ಮಂಚ, ತೊಟ್ಟಿಲು, ದೇವರ ಮಂಟಪ, ಇವೇ ನಮ್ಮ ಕೆಲಸ. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವದೈತಿ, ಆರ್ಥರೈಟಿಸ್ ಅಂತ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ್ರು. ಗರಗಸ, ರಂದಾ ಹೆಂಗೋ ನಡೀತಾವ, ಅವಕ್ಕ ದಪ್ಪ ಹಿಡಿಕಿ ಇರ್ತೈತಿ, ಆದ್ರ ಸ್ಯಾಂಡ್ ಪೇಪರ್ ಮಡಚಿ ಬೆರಳಾಗ ಹಿಡದು ತಿಕ್ಕೂದೈತಲ್ರಿ, ಅದು ಜೀವಾ ತಗೀತೈತಿ, ರಾತ್ರಿ ಚಹಾದ ಕಪ್ ಎತ್ತಾಕ ಸೈತ ಬರಂಗಿಲ್ಲ.

ಯಾಕ ಹಿಂಗ ಅಂತ ಫಿಜಿಯೋಥೆರಪಿ ಮಾಡೂ ಮೇಡಂನ ಕೇಳಿದೆ. ಹೆಬ್ಬೆರಳು ತೋರುಬೆರಳಿನ ತುದಿ ಕೂಡಿಸಿ 1 ಕೆಜಿ ಬಲದಿಂದ ಒತ್ತಿದ್ರ ಹೆಬ್ಬೆರಳಿನ ಬುಡದ ಕೀಲಿನ ಮ್ಯಾಲ ಸುಮಾರು 12 ಕೆಜಿ ಭಾರ ಬೀಳ್ತೈತಿ ಅಂದ್ರು. ಅಲ್ಲೇ ನನಗ ಎಲ್ಲಾ ತಿಳೀತು. ಬ್ಯಾನಿ ಬರೂದು ತಿಕ್ಕೂದ್ರಿಂದ ಅಲ್ಲ, ಪೇಪರ್ ಹಿಡಿಯೂದ್ರಿಂದ. ಹಿಡಿಯೂ ಕೆಲಸ ಬ್ಯಾರೆ ಏನಾರ ಮಾಡ್ಲಿ, ಕೈ ಬರೇ ದೂಡ್ಲಿ. ಇದೊಂದ ವಿಚಾರ ಇಟ್ಕೊಂಡು ಎಲ್ಲಾ ಸಾಮಾನು ಬದಲು ಮಾಡೀನಿ.

ಮೊದಲು ಬ್ಲಾಕ್. ಸ್ಯಾಂಡ್ ಪೇಪರ್ ಹಾಳಿ 9 ಇಂಚು 11 ಇಂಚು ಬರ್ತೈತಿ, ನಾಕು ತುಂಡು ಮಾಡಿದ್ರ ಒಂದೊಂದು ನಾಕೂವರಿ ಐದೂವರಿ ಆಗ್ತೈತಿ. ಅದಕ್ಕ ಹೊಂದಂಗ ಮೂರೂವರಿ ಇಂಚು ಉದ್ದ, ನಾಕೂವರಿ ಇಂಚು ಅಗಲದ ಕಟ್ಟಿಗಿ ತುಂಡು, ಒಂದೂವರಿ ಇಂಚು ದಪ್ಪಂದು ತಗೊಂಡು, ಮ್ಯಾಲ್ಗಡೆ ಅಂಗೈ ಕುಂಡ್ರುವಂಗ ಗುಂಡಗ ಕೆತ್ತಿ, ತೆಳಗ ಹಳೇ ಹವಾಯಿ ಚಪ್ಪಲಿಯ ಸೋಲ್ ಕೊಯ್ದು ಪಂಕ್ಚರ್ ಸೊಲ್ಯೂಶನ್ ಹಚ್ಚಿ ಅಂಟಿಸಿದೆ. ಪೇಪರಿನ ಎರಡೂ ತುದಿ ಹಿಂದ ಮುಂದ ಒಂದೊಂದು ಇಂಚು ಮ್ಯಾಲ ಮಡಚಿ ಡ್ರಾಯಿಂಗ್ ಪಿನ್ನು ಸುತ್ತಿಗಿಲೆ ಬಡೀತೀನಿ, ಹೆಬ್ಬೆರಳಿಲೆ ಒತ್ತಂಗಿಲ್ಲ. ಇನ್ನ ಎಡಬಲ ಎರಡೂ ಬಾಜೂಕ ಸೈಕಲ್ ಟ್ಯೂಬಿನ ಎರಡು ಇಂಚು ಅಗಲದ ಪಟ್ಟಿ, ವಾಷರ್ ಇಟ್ಟು ಮೊಳಿ ಹೊಡದೀನಿ, ಆ ಪಟ್ಟಿ ಒಳಗ ಕೈ ತೂರಿಸಿದ್ರ ಮುಂಗೈ ಮ್ಯಾಲ ಅದು ಕುಂಡ್ರತೈತಿ, ಕೈ ಎತ್ತಿದ್ರ ಬ್ಲಾಕೂ ಎದ್ದು ಬರ್ತೈತಿ, ಬೆರಳು ಪೂರ್ತಿ ಬಿಚ್ಚಿ ಹಗೂರ ಮುಂದ ಚಾಚಿರ್ತಾವ. ಹೆಬ್ಬೆರಳಿಗೆ ಕೆಲಸಾನ ಇಲ್ಲ. ಪಟ್ಟಿ ಭಾಳ ಬಿಗಿ ಮಾಡಬ್ಯಾಡ್ರಿ, ಬೆರಳು ಜುಮ್ ಅಂದ್ರ ಸಡಿಲ ಮಾಡ್ರಿ.

ಎರಡನೇದು ಮೇಜು. ನಮ್ಮ ಕಡೆ ಹಿಂದಿನವರು ನೆಲದ ಮ್ಯಾಲ ಕುಂತು ಕಾಲಿಲೆ ಕಟ್ಟಿಗಿ ಒತ್ತಿ ಹಿಡದು ತಿಕ್ತಿದ್ರು, ಆಗ ಎಲ್ಲಾ ಜೋರು ಮಣಿಕಟ್ಟಿನ ಮ್ಯಾಲ ಬೀಳ್ತೈತಿ. ನಾನು ಮೊಣಕೈಗಿಂತ ತುಸು ತೆಳಗ ಬರೂ ಮೇಜಿನ ಮ್ಯಾಲ ಕಟ್ಟಿಗಿನ ಕ್ಲಾಂಪ್ ಹಾಕಿ ಬಿಗೀತೀನಿ, ಕ್ಲಾಂಪಿನ ತಿರುಪಿಗೆ ಉದ್ದನ ಪೈಪ್ ತುಂಡು ಸೇರಿಸೀನಿ, ಅದನ್ನ ಅಂಗೈಲೆ ದೂಡಿದ್ರ ಸಾಕು ತಿರುಗ್ತೈತಿ. ಆಮ್ಯಾಲ ಒಂದು ಕಾಲು ಮುಂದ ಒಂದು ಹಿಂದ ಇಟ್ಟು ಸೊಂಟದಿಂದ ಮೈ ತೂಗಿ, ಕಟ್ಟಿಗಿ ನಾರಿನ ಎಳಿ ಹೋದ ದಿಕ್ಕಿಗೇ ದೂಡ್ತೀನಿ, ಎಳಿಗೆ ಅಡ್ಡ ತಿಕ್ಕಿದ್ರ ಗೀರು ಬಿದ್ದು ಪಾಲಿಶ್ ಮಾಡಿದ ಮ್ಯಾಲ ಎದ್ದು ಕಾಣ್ತಾವ, ಅವನ್ನ ತಗಿಯಾಕ ಮತ್ತ ಎರಡಷ್ಟು ತಿಕ್ಕಬೇಕು.

ಸಣ್ಣ ಸಾಮಾನಿಗೆ, ಅಂದ್ರ ಗೂಟ, ಗುಂಡಿ, ಆಟಿಕಿ ಇಂಥವಕ್ಕ, ಉಲ್ಟಾ ಮಾಡ್ತೀನಿ. ಇಡೀ ಹಾಳಿ ಪೇಪರ್ ಒಂದು ಪ್ಲೈವುಡ್ ಮ್ಯಾಲ ಅಂಟಿಸಿ, ಸಾಮಾನನ್ನ ಅದರ ಮ್ಯಾಲ ಅಂಗೈಲೆ ಜಾರಸ್ತೀನಿ.

ತೊಟ್ಟಿಲಿನ ಕಾಲು, ಕಡದ ಗುಂಡು ಕಟ್ಟಿಗಿ ಬಂದ್ರ ಬ್ಲಾಕ್ ನಡಿಯಂಗಿಲ್ಲ. ಅದಕ್ಕ ಬಟ್ಟಿ ಹಿಂಬದಿ ಇರೂ ಎಮರಿ ರೋಲ್ ಸಿಗ್ತೈತಿ, ಒಂದು ಮೊಳ ಉದ್ದ ಒಂದು ಇಂಚು ಅಗಲ ಹರಕೊಂಡು ಎರಡೂ ತುದಿಗೆ ದಪ್ಪ ಲಾಡಿಯ ಕುಣಿಕಿ ಹೊಲಸೀನಿ, ಕುಣಿಕಿನ ಮಣಿಕಟ್ಟಿಗೆ ಹಾಕ್ಕೊಂಡು, ಪಟ್ಟಿನ ತೊಟ್ಟಿಲಿನ ಕಾಲಿಗೆ ಸುತ್ತಿ ಮಜ್ಜಿಗಿ ಕಡದಂಗ ಆ ಕೈ ಈ ಕೈ ಎಳೀತೀನಿ. ಮುಷ್ಟಿ ಕಟ್ಟೂದ ಬ್ಯಾಡ. ಭಾಳ ಚಲೋ ನಡೀತೈತಿ ಇದು, ಬ್ಯಾನಿ ಇಲ್ಲದವರೂ ಮಾಡಿ ನೋಡ್ರಿ.

ಇನ್ನ ತಿಕ್ಕೂದನ್ನ ಕಮ್ಮಿ ಮಾಡೂದು ಹೆಂಗ. ರಂದಾದ ಅಲಗು ಸಾಣಿ ಹಿಡದು ಚಲೋತ್ನಾಗಿ ಇಟ್ಕೊಂಡ್ರ 80 ನಂಬರ್ ಪೇಪರ್ (ನಂಬರ್ ಹೆಚ್ಚಾದಂಗ ಪೇಪರ್ ನುಣುಪು) ಬೇಕಾಗೂದ ಇಲ್ಲ, ನೇರ 120ರಿಂದ ಸುರು ಮಾಡಿ 180, 220ಕ್ಕ ಮುಗಸ್ತೀನಿ. ಸೀಲರ್, ಅಂದ್ರ ಪಾಲಿಶ್‌ಗಿಂತ ಮೊದಲು ಕಟ್ಟಿಗಿಯ ಸಣ್ಣ ತೂತು ಮುಚ್ಚೂ ಲೇಪ, ಅದನ್ನ ಹೊಡದ ಮ್ಯಾಲ 320 ಹಗೂರ. ಕಟ್ಟಿಗಿ ಹೆರಿಯೂ ಸ್ಟೀಲ್ ಪಟ್ಟಿ ಸ್ಕ್ರೇಪರ್ ಉಪಯೋಗಿಸ್ರಿ ಅಂತ ಭಾಳ ಮಂದಿ ಹೇಳ್ತಾರ, ಆದ್ರ ಅದನ್ನ ಎರಡೂ ಹೆಬ್ಬೆರಳಿಲೆ ಬಗ್ಗಿಸಿ ಹಿಡೀಬೇಕು, ನಮ್ಮಂಥವರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ, ಬೇಕಂದ್ರ ಕಟ್ಟಿಗಿ ಹಿಡಿಕಿಗೆ ಸೀಳು ಹಾಕಿ ಅದರಾಗ ಕುಂಡ್ರಿಸಿ ನಡಸ್ರಿ. ಬಣ್ಣ ಹಚ್ಚೂ ಸಾಮಾನಿಗೆ 220 ತನಕ ಹೋಗಾಕ ಹೋಗಬ್ಯಾಡ್ರಿ. ನಮ್ಮ ಕಿನ್ನಾಳದ ಚಿತ್ರಗಾರರನ್ನ ನೋಡ್ರಿ, ಗೊಂಬಿ ಕೆತ್ತಿ ಹುಣಸಿಬೀಜದ ಅಂಟಿಲೆ ಬಟ್ಟಿ ತುಂಡು ಅಂಟಿಸಿ, ಮ್ಯಾಲ ಬೆಣಚುಕಲ್ಲಿನ ಪುಡಿಯ ಲೇಪ ಕೊಡ್ತಾರ, ನುಣುಪು ಆ ಲೇಪದಿಂದ ಬರ್ತೈತಿ.

ಹೆಚ್ಚು ತಿಕ್ಕಬಾರದು ಅಂದ್ರ ಪೆನ್ಸಿಲ್ ಗೆರಿ. ಹಲಗಿ ತುಂಬ ಅಡ್ಡಾದಿಡ್ಡಿ ಹಗೂರ ಗೆರಿ ಎಳೀರಿ, ಗೆರಿ ಅಳಿಸಿ ಹೋದ್ವು ಅಂದ್ರ ಆ ನಂಬರ್ ಮುಗೀತು, ಮುಂದಿಂದು ತಗೋರಿ. 180 ಆದ ಮ್ಯಾಲ ಹಸಿ ಬಟ್ಟಿ ಒರಸಿ ಒಣಗಾಕ ಬಿಟ್ರ ಮಲಗಿದ್ದ ನಾರು ಎದ್ದು ನಿಲ್ತಾವ, ಆಗ 220 ನಾಕು ಸಲ ಆಡಿಸಿದ್ರ ಸಾಕು. ಬಟ್ಟಿ ಹಿಂಡಬ್ಯಾಡ್ರಿ, ಎರಡು ಅಂಗೈ ನಡುವ ಒತ್ತಿ ನೀರು ತಗೀರಿ.

ಪೇಪರಿನ್ಯಾಗ ಉಳಿತಾಯ ಮಾಡೂದಂತೂ ಬ್ಯಾಡವೇ ಬ್ಯಾಡ. ಸವದ ಪೇಪರ್ ಕೊರಿಯಂಗಿಲ್ಲ, ನಾವು ಗೊತ್ತಿಲ್ಲದಂಗ ಜೋರು ಒತ್ತಾಕ ಹತ್ತೀವಿ, ಆ ಜೋರು ಸೀದಾ ಕೀಲಿಗೆ. ಹತ್ತು ನಿಮಿಷಕ್ಕ ಕೆಲಸ ಬದಲು ಮಾಡ್ತೀನಿ, ಮೊಬೈಲಿನ್ಯಾಗ ಅಲಾರಾಂ ಇಟ್ಟು. ಚಳಿಗಾಲದ ಮುಂಜಾನಿ ಕೈ ಬಿರುಸಾಗಿರ್ತೈತಿ, ಬಿಸಿನೀರಾಗ ಅದ್ದಿ ಬೆರಳು ಸಡಿಲ ಆದ ಮ್ಯಾಲ ಸುರು. ಕೀಲು ಕೆಂಪಗಾಗಿ ಬಾತು ಕಾದಿದ್ರ ಅವತ್ತು ತಿಕ್ಕೂದಿಲ್ಲ. ಮುಂಜಾನಿ ಬಿರುಸು ತಾಸಿಗಿಂತ ಹೆಚ್ಚು ಇರ್ತೈತಿ ಅನ್ನವರು ಡಾಕ್ಟರಿಗೆ ತೋರಸ್ರಿ, ಅದು ಸವದ ಕೀಲಿನ ಬ್ಯಾನಿ ಅಲ್ಲದ ಬ್ಯಾರೆ ವಾತ ಇರಬಹುದು. ಸಾಗವಾನಿ ಆಗ್ಲಿ ಬೇವು ಆಗ್ಲಿ, ಧೂಳಿಗೆ ಮಾಸ್ಕ್ ಹಾಕ್ಕೋರಿ.

ತಿಕ್ಕೂ ಮಷಿನ್ ತಗೋರಿ ಅಂತಾರ, ನನ್ನ ಹತ್ರನೂ ಐತಿ, ದೊಡ್ಡ ಹಲಗಿಗೆ ಓಡಸ್ತೀನಿ, ಆದ್ರ ಅದನ್ನೂ ಹಿಡೀಬೇಕು, ಮ್ಯಾಲ ಅದರ ನಡುಕಕ್ಕ ಕೈ ಮರಗಟ್ಟತೈತಿ.

ಕೆತ್ತನೆ ಸಂದಿ, ಒಳಮೂಲಿ ಇದಕ್ಕೆಲ್ಲ ಬೆರಳ ತುದೀನ ಬೇಕು, ಅಲ್ಲಿ ನನ್ನ ಯಾವ ಪಟ್ಟಿನೂ ನಡಿಯಂಗಿಲ್ಲ. "ಕಾಕಾ, ಕೊಡ್ರಿ ಇಲ್ಲಿ, ನಾ ತಿಕ್ತೀನಿ" ಅಂತಾನ ನಮ್ಮ ಹುಡುಗ, ಅಷ್ಟು ಅಂವಗ ಬಿಡ್ತೀನಿ. ಕೆತ್ತನೆ ಇರೂ ಬಾಗಿಲಿಗೆ ಅಂವನ ಕೂಲಿ ಸೇರಿಸೇ ಗಿರಾಕಿಗೆ ರೇಟ್ ಹೇಳ್ತೀನಿ, ಮೊದಲ ದಿನಾನ.