ಅಂಗಡಿ ಮುಚ್ಚಿದ ಮೇಲೆ ಕೋಟು ಕೊಳ್ಳುವ ಬಗೆ

ನಾನು ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದ ಕಾಲಕ್ಕೆ, ನದಿ ದಾಟಿ ಮ್ಯಾನ್‌ಹಟನ್‌ಗೆ ಹೋದರೆ ಗಂಡಸರ ಡಿಸೈನರ್ ಬಟ್ಟೆಗೆ ಹೆಸರಾದ ಅಂಗಡಿಗಳು ಬೇಕಾದಷ್ಟು ಸಿಗುತ್ತಿದ್ದವು. ಮ್ಯಾಡಿಸನ್ ಅವೆನ್ಯೂದಲ್ಲಿ ಬಾರ್ನೀಸ್, ಮೀಟ್‌ಪ್ಯಾಕಿಂಗ್ ಕಡೆ ಜೆಫ್ರಿ, ಹೋವರ್ಡ್ ಸ್ಟ್ರೀಟ್‌ನಲ್ಲಿ ಓಪನಿಂಗ್ ಸೆರೆಮನಿ. 2020 ಮುಗಿಯುವಷ್ಟರಲ್ಲಿ ಈ ಮೂರೂ ಬಾಗಿಲು ಹಾಕಿದವು. ಈಗ ನನ್ನ ಬಟ್ಟೆಯಲ್ಲಿ ಹೆಚ್ಚಿನವು ಪಾರ್ಸೆಲ್‌ನಲ್ಲೇ ಬರುತ್ತವೆ. "ಹಾಕ್ಕೊಂಡು ನೋಡದೆ ಅಷ್ಟು ದುಡ್ಡು ಕೊಟ್ಟು ಹೆಂಗ್ ತಗೊಂತೀರಿ ಸರ್?" ಅಂತ ಇಲ್ಲಿನ ಕನ್ನಡದ ಹುಡುಗರು ಕೇಳುತ್ತಿರುತ್ತಾರೆ. ನಾನು ಮಾಡಿಕೊಂಡ ದಾರಿಯನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಅಂಥ ಅಂಗಡಿಯಿಂದ ಏನು ಸಿಗುತ್ತಿತ್ತು ಅಂತ ಹೇಳಬೇಕು. ಬಾರ್ನೀಸ್ ಶುರುವಾದದ್ದು 1923ರಲ್ಲಿ. ಬಾರ್ನಿ ಪ್ರೆಸ್‌ಮನ್ ಅನ್ನುವವರು ಸೆವೆಂತ್ ಅವೆನ್ಯೂದಲ್ಲಿ ಕಡಿಮೆ ಬೆಲೆಗೆ ಸೂಟು ಮಾರುತ್ತಿದ್ದರು. ಮಗ ಫ್ರೆಡ್ ಕೈಗೆ ಬಂದ ಮೇಲೆ ಅಂಗಡಿಯ ನಡೆಯೇ ಬದಲಾಯಿತು. 1976ರಲ್ಲಿ ಜಾರ್ಜಿಯೋ ಅರ್ಮಾನಿ ಬಟ್ಟೆಯನ್ನು ಅಮೆರಿಕದ ಗಿರಾಕಿಗಳ ಮುಂದೆ ಇಟ್ಟದ್ದು ಇದೇ ಅಂಗಡಿ. ಅಂದರೆ ಯಾರೋ ಒಬ್ಬರು ಇಟಲಿಗೆ ಹೋಗಿ, ಮುಟ್ಟಿ ನೋಡಿ, ಇದು ನಮ್ಮ ಜನಕ್ಕೆ ಒಪ್ಪುತ್ತದೆ ಅಂತ ಆರಿಸಿ ತರುತ್ತಿದ್ದರು. ಆ ಆಯ್ಕೆಗೆ ನಾವು ದುಡ್ಡು ಕೊಡುತ್ತಿದ್ದೆವು.

ಅಲ್ಲಿನ ಒಬ್ಬ ಹಿರಿಯ ಸೇಲ್ಸ್‌ಮನ್ ನನಗೆ ಕಲಿಸಿದ ಪಾಠ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ನಾನೊಂದು ನೀಲಿ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಎದುರಿನಿಂದ ಎಲ್ಲ ಸರಿಯಾಗೇ ಕಾಣುತ್ತಿತ್ತು. ಅವರು ಹಿಂದೆ ಬಂದು ನಿಂತರು. ಕಾಲರ್ ಮತ್ತು ನನ್ನ ಕುತ್ತಿಗೆಯ ನಡುವೆ ಒಂದು ಬೆರಳು ತೂರಿಸಿದರು. ಬೆರಳು ಸಲೀಸಾಗಿ ಹೋಯಿತು. ಕಾಲರ್ ಶರ್ಟಿಗೆ ಅಂಟಿ ಕೂರಬೇಕು, ಇದು ಎದ್ದು ನಿಂತಿದೆ, ಇದು ನಿಮಗೆ ಬೇಡ ಅಂದರು. ಕೋಟನ್ನು ತೆಗೆದು ವಾಪಸ್ ಹ್ಯಾಂಗರ್‌ಗೆ ಹಾಕಿಯೇ ಬಿಟ್ಟರು. ಮಾರಬೇಕಾದ ಮನುಷ್ಯನೇ ಬೇಡ ಅಂದ ಮೇಲೆ, ಮುಂದೆ ಅವರು ಬೇಕು ಅಂದದ್ದನ್ನೆಲ್ಲ ನಾನು ನಂಬಿದೆ.

ಆ ಅಂಗಡಿ ಯಾಕೆ ಮುಚ್ಚಿತು? ಮ್ಯಾಡಿಸನ್ ಅವೆನ್ಯೂ ಕಟ್ಟಡದ ಬಾಡಿಗೆ ವರ್ಷಕ್ಕೆ ಸುಮಾರು 1.6 ಕೋಟಿ ಡಾಲರ್ ಇದ್ದದ್ದು 2019ರಲ್ಲಿ 3 ಕೋಟಿಯ ಹತ್ತಿರ ಹೋಯಿತು. ಅದೇ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಬಿತ್ತು. 2020ರ ಫೆಬ್ರವರಿಗೆ ಎಲ್ಲ ಮುಗಿಯಿತು. ಆದರೆ ಬಾಡಿಗೆ ಒಂದನ್ನೇ ದೂರುವುದು ಸರಿಯಲ್ಲ. ದೊಡ್ಡ ಬ್ರಾಂಡ್‌ಗಳು ತಮ್ಮದೇ ಅಂಗಡಿ, ತಮ್ಮದೇ ವೆಬ್‌ಸೈಟ್ ಮಾಡಿಕೊಂಡವು. ಜನ ಅಂಗಡಿಯಲ್ಲಿ ಹಾಕಿ ನೋಡಿ, ಹೊರಗೆ ಬಂದು ಫೋನಿನಲ್ಲಿ ಕಡಿಮೆ ಬೆಲೆಗೆ ಆರ್ಡರ್ ಮಾಡತೊಡಗಿದರು. ಟ್ರಯಲ್ ರೂಮಿನ ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಅಂದರೆ ಅಂಗಡಿ ಎಷ್ಟು ದಿನ ನಿಂತೀತು?

ಇನ್ನು ನನ್ನ ದಾರಿ. ದಾವಣಗೆರೆಯಲ್ಲಿ ನಾವು ಟೈಲರ್ ಹತ್ತಿರ ಹೋಗುವಾಗ ಅಳತೆ ಶರ್ಟು ಅಂತ ಒಂದನ್ನು ಹಿಡಿದುಕೊಂಡು ಹೋಗುತ್ತಿದ್ದೆವು. ಮೈಗೆ ಸರಿಯಾಗಿ ಕೂತ ಹಳೆಯ ಶರ್ಟು. ಟೈಲರ್ ಅದನ್ನು ಮೇಜಿನ ಮೇಲೆ ಹಾಸಿ, ಟೇಪು ಇಟ್ಟು, ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಮಾಡುವುದು ಅದನ್ನೇ. ಮೈಯನ್ನು ಅಳೆಯುವುದಿಲ್ಲ, ಬಟ್ಟೆಯನ್ನು ಅಳೆಯುತ್ತೇನೆ. ನನಗೆ ತುಂಬ ಚೆನ್ನಾಗಿ ಕೂರುವ ಒಂದು ಕೋಟು, ಒಂದು ಶರ್ಟು, ಒಂದು ಪ್ಯಾಂಟು ಆರಿಸಿಕೊಂಡು, ಗುಂಡಿ ಹಾಕಿ, ಸುಕ್ಕು ತೆಗೆದು, ನೆಲದ ಮೇಲೆ ಹಾಸಿ ಅಳತೆ ತೆಗೆದಿದ್ದೇನೆ. ಕೋಟಿಗೆ ಭುಜದಿಂದ ಭುಜ, ಕಂಕುಳಿನಿಂದ ಕಂಕುಳು, ಸೊಂಟದ ಹತ್ತಿರದ ಅಗಲ, ಕಾಲರ್ ಕೆಳಗಿನಿಂದ ಬೆನ್ನಿನುದ್ದ, ತೋಳಿನುದ್ದ. ಪ್ಯಾಂಟಿಗೆ ಸೊಂಟ, ರೈಸ್ (ಎರಡು ಕಾಲು ಕೂಡುವ ಹೊಲಿಗೆಯಿಂದ ಸೊಂಟಪಟ್ಟಿಯವರೆಗಿನ ಎತ್ತರ), ತೊಡೆ, ಒಳ ಹೊಲಿಗೆಯ ಉದ್ದ, ಕೆಳಗಿನ ಅಗಲ. ಇಷ್ಟೂ ಫೋನಿನಲ್ಲಿ ಇವೆ.

ಸೈಜ್ ನಂಬರನ್ನು ನಾನು ನೋಡುವುದು ಹುಡುಕುವುದಕ್ಕೆ ಮಾತ್ರ. ಇಟಲಿಯ 48 ಅಂದರೆ ಅಮೆರಿಕದ 38 ಅನ್ನುವ ಲೆಕ್ಕ ಕೋಟಿನಲ್ಲಿ ಹೆಚ್ಚುಕಡಿಮೆ ಸರಿ. ಜಪಾನಿನ ಬ್ರಾಂಡ್‌ಗಳಲ್ಲಿ 1, 2, 3, 4 ಅಂತ ಇರುತ್ತದೆ, ಅದರಲ್ಲಿ ನನ್ನದು ಯಾವುದು ಅಂತ ಬ್ರಾಂಡಿಗೊಂದು ಉತ್ತರ. ಪ್ಯಾಂಟಿನ ಲೇಬಲ್ಲಿನಲ್ಲಿ 32 ಅಂತಿದ್ದರೂ ಟೇಪು ಇಟ್ಟರೆ 34 ಬರುವುದು ಮಾಮೂಲು. ಸೈಟಿನಲ್ಲಿ 'ಸೈಜ್ ಗೈಡ್' ಅಂತ ಇರುವುದು ಬಹಳ ಸಲ ಮೈಯ ಅಳತೆ, ಬಟ್ಟೆಯದಲ್ಲ. ಬಟ್ಟೆಯ ಅಳತೆ ಇಲ್ಲದಿದ್ದರೆ ಮೇಲ್ ಹಾಕಿ ಕೇಳುತ್ತೇನೆ. ಕೊಡದವರ ಹತ್ತಿರ ಕೊಳ್ಳುವುದಿಲ್ಲ. ಈ ಒಂದು ನಿಯಮದಿಂದಲೇ ನನ್ನ ಅರ್ಧ ತಲೆನೋವು ಹೋಯಿತು.

ಅಳತೆ ಹೋಲಿಸುವಾಗ ಎಲ್ಲ ನಂಬರಿಗೂ ಒಂದೇ ಬೆಲೆ ಇಲ್ಲ. ಆಮೇಲೆ ಸರಿಮಾಡಿಸಬಹುದಾದದ್ದು ಯಾವುದು, ಆಗದ್ದು ಯಾವುದು ಅನ್ನುವುದು ಮುಖ್ಯ. ಕೋಟಿನ ಭುಜ ತಪ್ಪಿದರೆ ಮುಗಿಯಿತು. ಮಾಡಿಸಲು ಹೋದರೆ ಕೋಟಿನಷ್ಟೇ ಖರ್ಚು, ಮತ್ತೆ ಮೊದಲಿನ ಹಾಗೆ ಕೂರುವುದೂ ಇಲ್ಲ. ಬೆನ್ನಿನುದ್ದವೂ ಹಾಗೇ. ಜೇಬಿನ ಜಾಗ ಬದಲಾಗುವುದಿಲ್ಲವಲ್ಲ. ಸೊಂಟವನ್ನು ಒಂದಿಂಚು ಒಳಗೆ ತೆಗೆಸುವುದು ಸುಲಭ. ತೋಳು ಗಿಡ್ಡ ಮಾಡಿಸಬಹುದು, ಆದರೆ ತೋಳಿನ ಗುಂಡಿಗೆ ನಿಜವಾದ ಕಾಜಾ ಹೊಲಿದಿದ್ದರೆ ಕಷ್ಟ. ಪ್ಯಾಂಟಿನಲ್ಲಿ ಸೊಂಟ, ಉದ್ದ, ಕೆಳಗಿನ ಅಗಲ ಮೂರನ್ನೂ ಹೊಂದಿಸಬಹುದು. ರೈಸ್ ಮಾತ್ರ ಇದ್ದದ್ದೇ ಇದ್ದಂತೆ. ಹಾಗಾಗಿ ಕೋಟಿನಲ್ಲಿ ಭುಜ, ಪ್ಯಾಂಟಿನಲ್ಲಿ ರೈಸ್. ಇವೆರಡು ನನ್ನ ಅಳತೆಗೆ ಅರ್ಧ ಇಂಚಿಗಿಂತ ಜಾಸ್ತಿ ದೂರ ಇದ್ದರೆ ಎಷ್ಟೇ ಡಿಸ್ಕೌಂಟ್ ಇರಲಿ, ಆ ಪುಟ ಮುಚ್ಚುತ್ತೇನೆ.

ಫೋಟೋ ನೋಡುವುದನ್ನೂ ಕಲಿಯಬೇಕು. ಮಾಡೆಲ್ ಆರಡಿ ಎರಡಿಂಚು ಇರುತ್ತಾನೆ, ನಾನು ಐದು ಏಳು. ಅವನಿಗೆ ಸೊಂಟದ ಕೆಳಗೆ ಬಂದು ನಿಂತ ಕೋಟು ನನಗೆ ತೊಡೆಗೆ ಬರುತ್ತದೆ. ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿ ಮಾಡಿರುವುದೂ ಉಂಟು. ಅದಕ್ಕೇ ಹಿಂದಿನಿಂದ ತೆಗೆದ ಫೋಟೋವನ್ನು ನಾನು ಮೊದಲು ನೋಡುತ್ತೇನೆ. ಆ ಹಿರಿಯರು ಬೆರಳು ತೂರಿಸಿದ ಜಾಗ ಕಾಣುವುದು ಅಲ್ಲೇ.

ಅಳತೆಯ ಸಮಸ್ಯೆಗೆ ಟೇಪು ಉತ್ತರ ಕೊಟ್ಟಿತು. ಬಟ್ಟೆಯ ಸಮಸ್ಯೆಗೆ ಅಷ್ಟು ಸಲೀಸಾದ ಉತ್ತರ ಸಿಗಲಿಲ್ಲ. '100% ವುಲ್' ಅಂದರೆ ಏನೂ ಹೇಳಿದಂತಾಗಲಿಲ್ಲ. ಮೀಟರಿಗೆ 250 ಗ್ರಾಂ ತೂಗುವ ಉಣ್ಣೆ ಬೇರೆ, 400 ಗ್ರಾಂ ತೂಗುವುದು ಬೇರೆ. ಮೊದಲನೆಯದು ಕಡು ಚಳಿಗಾಲ ಬಿಟ್ಟು ಉಳಿದ ಕಾಲಕ್ಕೆಲ್ಲ ಆಗುತ್ತದೆ, ಎರಡನೆಯದು ಚಳಿಗಾಲಕ್ಕೆ. 'ಸೂಪರ್ 120', 'ಸೂಪರ್ 150' ಅನ್ನುವುದು ಎಳೆ ಎಷ್ಟು ಸಣ್ಣದು ಅಂತ ಹೇಳುತ್ತದೆ, ಎಷ್ಟು ಬಾಳುತ್ತದೆ ಅಂತ ಅಲ್ಲ. ನಂಬರು ಮೇಲೆ ಹೋದ ಹಾಗೆ ಬಟ್ಟೆ ನುಣುಪಾಗುತ್ತದೆ, ಸುಕ್ಕೂ ಬೇಗ ಬೀಳುತ್ತದೆ. ತೂಕ ಬರೆಯದಿದ್ದರೆ ಅದನ್ನೂ ಕೇಳುತ್ತೇನೆ. ಆದರೂ ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಬಟ್ಟೆ ಹೇಗೆ ಬಿಚ್ಚಿಕೊಳ್ಳುತ್ತದೆ, ನಡೆದಾಗ ಹೇಗೆ ಇಳಿಬೀಳುತ್ತದೆ ಅನ್ನುವುದು ಯಾವ ನಂಬರಿನಲ್ಲೂ ಇಲ್ಲ. ಇದಕ್ಕೆ ನಾನು ಮಾಡಿಕೊಂಡದ್ದು ಇಷ್ಟು: ಅಂಗಡಿಯಲ್ಲಿ ಒಮ್ಮೆ ಮುಟ್ಟಿ ಗೊತ್ತಿರುವ ಬ್ರಾಂಡು, ಅದರಲ್ಲೂ ಗೊತ್ತಿರುವ ಬಟ್ಟೆ, ಅದನ್ನೇ ಮತ್ತೆ ಕೊಳ್ಳುವುದು. ಹೊಸದರ ರುಚಿ ಇದರಲ್ಲಿ ಇಲ್ಲ. ಆನ್‌ಲೈನ್‌ನಿಂದ ನನಗಾದ ದೊಡ್ಡ ನಷ್ಟ ಇದೇ. ಗೊತ್ತಿಲ್ಲದ ಒಬ್ಬ ಡಿಸೈನರ್‌ನ ಕೋಟನ್ನು ಸುಮ್ನೆ ಹಾಕಿ ನೋಡಿ ಮೆಚ್ಚಿಕೊಳ್ಳುವ ಅವಕಾಶ ಹೋಯಿತು.

ವಾಪಸ್ ಕಳಿಸುವ ಕಷ್ಟ ಬೇರೆ. ಒಂದು ಸಲ ಯುರೋಪಿನ ಒಂದು ಸೈಟಿನಿಂದ ಕೋಟು ತರಿಸಿದೆ. ಅವರೇ ಕೊಟ್ಟ ಭುಜದ ಅಳತೆಗಿಂತ ಒಂದಿಂಚು ದೊಡ್ಡದು ಬಂತು. ವಾಪಸ್ ಕಳಿಸಿದೆ. ಕೋಟಿನ ದುಡ್ಡು ಬಂತು, ನಾನು ಕಟ್ಟಿದ ಸುಂಕ ಬರಲಿಲ್ಲ. ಸೈಟಿನವರು ಕೊರಿಯರ್ ಕಡೆ ಕೈ ತೋರಿಸಿದರು, ಕೊರಿಯರ್‌ನವರು ಕಸ್ಟಮ್ಸ್ ಕಡೆ. ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋದ ಮೇಲೆ ಇಂಥ ಪರದಾಟ ಸಣ್ಣ ಆರ್ಡರ್‌ಗೂ ಬಂದಿದೆ. ಈಗ ದುಡ್ಡು ಕಟ್ಟುವ ಮೊದಲು ಮೂರು ವಿಷಯ ಓದುತ್ತೇನೆ: ಸುಂಕ ಬೆಲೆಯಲ್ಲೇ ಸೇರಿದೆಯಾ, ವಾಪಸ್ ಕಳಿಸುವ ಖರ್ಚು ಯಾರದು, 'ಫೈನಲ್ ಸೇಲ್', ಅಂದರೆ ಮಾರಿದ ಮೇಲೆ ವಾಪಸ್ ತಗೊಳ್ಳುವುದಿಲ್ಲ, ಅಂತ ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಇದೆಯಾ. ಪಾರ್ಸೆಲ್ ಬಂದ ದಿನವೇ ಟೇಪು ಇಟ್ಟು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಜಗಳ ಬಂದರೆ ಅದೇ ಆಧಾರ.

ಆನ್‌ಲೈನ್ ಅಂಗಡಿಗಳೂ ಗಟ್ಟಿಯಾಗಿ ನಿಂತಿಲ್ಲ. ಲಂಡನ್ನಿನ ಮ್ಯಾಚಸ್ 1987ರಲ್ಲಿ ವಿಂಬಲ್ಡನ್‌ನ ಒಂದು ಅಂಗಡಿಯಾಗಿ ಶುರುವಾಗಿ, ಆನ್‌ಲೈನ್‌ನಲ್ಲಿ ದೊಡ್ಡ ಹೆಸರು ಮಾಡಿ, 2024ರ ಮಾರ್ಚ್‌ನಲ್ಲಿ ಕುಸಿಯಿತು. ಮಾಂಟ್ರಿಯಲ್‌ನ ಎಸೆನ್ಸ್ 2025ರ ಆಗಸ್ಟ್ ಕೊನೆಯಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಬೇಡಿ ಕೋರ್ಟಿಗೆ ಹೋಯಿತು. ಹಾಗಾಗಿ ವಾಪಸ್ ಕಳಿಸಿದಾಗ ದುಡ್ಡಿನ ಬದಲು ಸ್ಟೋರ್ ಕ್ರೆಡಿಟ್ (ಅದೇ ಅಂಗಡಿಯಲ್ಲಿ ಮುಂದೆ ಖರ್ಚು ಮಾಡಬೇಕಾದ ಜಮಾ) ಅಂತ ಕೊಟ್ಟರೆ ನಾನು ಒಪ್ಪುವುದಿಲ್ಲ, ದುಡ್ಡನ್ನೇ ವಾಪಸ್ ಕೇಳುತ್ತೇನೆ.

ಉಳಿದಿರುವ ಅಂಗಡಿಗಳಿಗೆ ತಪ್ಪದೆ ಹೋಗುತ್ತೇನೆ. ಲೆಕ್ಸಿಂಗ್ಟನ್ ಅವೆನ್ಯೂದ ಡೋವರ್ ಸ್ಟ್ರೀಟ್ ಮಾರ್ಕೆಟ್, ಫಿಫ್ತ್ ಅವೆನ್ಯೂದಲ್ಲಿ ಬರ್ಗ್‌ಡಾರ್ಫ್‌ನ ಗಂಡಸರ ಅಂಗಡಿ. ಅಲ್ಲಿ ಹಾಕಿ ನೋಡಿದ್ದನ್ನು ಅಲ್ಲೇ ಕೊಳ್ಳುತ್ತೇನೆ, ಫೋನಿನಲ್ಲಿ ಬೆಲೆ ಹುಡುಕುವುದಿಲ್ಲ. ಓವರ್‌ಕೋಟನ್ನಂತೂ ಪಾರ್ಸೆಲ್‌ನಲ್ಲಿ ತರಿಸುವುದೇ ಇಲ್ಲ. ಅದನ್ನು ಸೂಟಿನ ಮೇಲೆ ಹಾಕಿ, ಕೈ ಎತ್ತಿ, ಕೂತು, ಎದ್ದು ನೋಡಬೇಕು. ಒಳಗೆ ಒಂದು ಪದರ ಇದ್ದಾಗ ಭುಜ ಎಲ್ಲಿ ಹಿಡಿಯುತ್ತದೆ ಅನ್ನುವುದು ನೆಲದ ಮೇಲೆ ಹಾಸಿ ತೆಗೆದ ಅಳತೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕಾಗಿ ಅಕ್ಟೋಬರ್‌ನಲ್ಲಿ, ಎಲ್ಲ ಸೈಜೂ ಸಿಗುವ ಹೊತ್ತಿಗೆ, ಒಳ್ಳೆಯ ಸೂಟು ಹಾಕಿಕೊಂಡೇ ಅಂಗಡಿಗೆ ಹೋಗುತ್ತೇನೆ.