ಕ್ಲಿಕ್, ಪೂರ್ತಿ ನೋಡೋದು, ಹೊಸಬರಿಗೆ ಜಾಗ: ಮೂರನ್ನೂ ಒಂದೇ ಫೀಡಲ್ಲಿ ಹೊಂದಿಸಿದ ನನ್ನ ಅನುಭವ

ವಿಡಿಯೋ ರೆಕಮೆಂಡೇಶನ್ ಕೆಲಸಕ್ಕೆ ಇಳಿದಾಗ ನಮ್ಮ ಮಾಡೆಲ್‌ಗೆ ಗೊತ್ತಿದ್ದಿದ್ದು ಒಂದೇ, ಯಾರು ಯಾವುದನ್ನ ಕ್ಲಿಕ್ ಮಾಡ್ತಾರೆ ಅನ್ನೋದು. ಕ್ಲಿಕ್ ಏನೋ ಏರ್ತಾನೇ ಇತ್ತು, ಆದ್ರೆ ಲಾಗ್ ತೆಗೆದು ನೋಡಿದ್ರೆ ಜನ ಥಂಬ್‌ನೇಲ್ ನೋಡಿ ಒತ್ತಿ ಕೆಲವೇ ಸೆಕೆಂಡಲ್ಲಿ ವಾಪಸ್ ಬರ್ತಿದ್ರು, ನನಗಂತೂ ಅದನ್ನ ನೋಡಿ ತುಂಬಾ ಬೇಜಾರಾಯ್ತು. ಯೂಟ್ಯೂಬ್‌ನೋರು 2012ರಲ್ಲೇ ವ್ಯೂ ಎಣಿಸೋದು ಬಿಟ್ಟು ವಾಚ್ ಟೈಮ್ ಕಡೆ ತಿರುಗಿದ್ದು ಇಂಥದ್ದೇ ಕಾರಣಕ್ಕೆ.

ಸರಿ, ನಾವೂ ಕ್ಲಿಕ್ ಆಗೋ ಪ್ರಾಬಬಿಲಿಟಿ ಜೊತೆಗೆ ಪೂರ್ತಿ ನೋಡೋ ಪ್ರಾಬಬಿಲಿಟಿನೂ ತಗೊಂಡು, ಒಂದೊಂದಕ್ಕೂ ಒಂದು ವೇಟ್ ಕೊಟ್ಟು ಕೂಡಿಸಿ ಸ್ಕೋರ್ ಮಾಡಿದ್ವಿ. ಸ್ವಲ್ಪ ದಿನ ಚೆನ್ನಾಗೇ ನಡೀತು. ಆಮೇಲೆ ಒಂದ್ಸಲ ರೀಟ್ರೇನ್ (ಹೊಸ ಡೇಟಾ ಕೊಟ್ಟು ಮಾಡೆಲ್‌ಗೆ ಮತ್ತೆ ಕಲಿಸೋದು) ಮಾಡಿದ್ದೇ ತಡ ಫೀಡ್ ಪೂರ್ತಿ ಕ್ಲಿಕ್ ಕಡೆ ವಾಲಿಬಿಡ್ತು, ವೇಟ್‌ಗಳನ್ನ ಯಾರೂ ಮುಟ್ಟೇ ಇರ್ಲಿಲ್ಲ. ತಲೆ ಕೆಡಿಸ್ಕೊಂಡು ಹುಡುಕಿದಾಗ ಸಿಕ್ಕಿದ್ದು ಇದು: ಟ್ರೇನಿಂಗ್ ಬೇಗ ಮುಗೀಲಿ ಅಂತ ಕ್ಲಿಕ್ ಆಗದ ಸಾಲುಗಳಲ್ಲಿ ಹತ್ತಕ್ಕೊಂದನ್ನ ಮಾತ್ರ ಉಳಿಸ್ಕೊಂಡಿದ್ವಿ, ಅದರಿಂದ ಪ್ರಾಬಬಿಲಿಟಿ ಉಬ್ಬಿಬಿಟ್ಟಿತ್ತು. ಕ್ಲಿಕ್ ಪ್ರಾಬಬಿಲಿಟಿ 0.5 ಅಂತ ಮಾಡೆಲ್ ಹೇಳಿದ್ರೆ, ನಿಜವಾದದ್ದು ಸಿಗೋಕೆ ಕ್ಲಿಕ್ ಆಗದ ಉಳಿದ 0.5ನ್ನ ಹತ್ತು ಪಟ್ಟು ಮಾಡ್ಬೇಕು, 5 ಆಯ್ತು, ಈಗ 0.5ನ್ನ 5.5ರಿಂದ ಭಾಗಿಸಿ, ಬರೋದು ಸುಮಾರು 0.09. ಎಲ್ಲಿ ಅರ್ಧ, ಎಲ್ಲಿ 0.09! ಅವತ್ತಿಂದ ಪ್ರತಿ ರೀಟ್ರೇನ್ ಆದ್ಮೇಲೂ ಕ್ಯಾಲಿಬ್ರೇಶನ್, ಅಂದ್ರೆ ಮಾಡೆಲ್ ಹೇಳೋ ಪ್ರಾಬಬಿಲಿಟಿ ನಿಜಕ್ಕೂ ಆಗೋದಕ್ಕೆ ಹೊಂದುತ್ತಾ ಅನ್ನೋದನ್ನ, ನೋಡದೆ ವೇಟ್ ಬಗ್ಗೆ ಮಾತೇ ಆಡಲ್ಲ ನಾನು.

ಇನ್ನೊಂದು ತೊಂದರೆ ಮಾಡೆಲ್ ಒಳಗೇ ಇತ್ತು. ಕ್ಲಿಕ್, ಪೂರ್ತಿ ನೋಡೋದು, ಈ ಎರಡೂ ಗುರಿಗೆ ನ್ಯೂರಲ್ ನೆಟ್‌ವರ್ಕಿನ ಒಂದೇ ಕೆಳಪದರ ಹಂಚಿದ್ರಿಂದ ಒಂದು ಏರಿದ್ರೆ ಇನ್ನೊಂದು ಇಳಿಯೋದು, ಥೇಟ್ ಏತಪಾತ. ಗೂಗಲ್‌ನೋರ 2018ರ ಎಂಎಂಒಇ (ಮಲ್ಟಿ-ಗೇಟ್ ಮಿಕ್ಸ್ಚರ್ ಆಫ್ ಎಕ್ಸ್‌ಪರ್ಟ್ಸ್) ಪೇಪರ್ ಓದಿ, ಹಲವು ಎಕ್ಸ್‌ಪರ್ಟ್ (ಮಾಡೆಲ್ ಒಳಗಿನ ಚಿಕ್ಕ ನೆಟ್‌ವರ್ಕ್‌ಗಳು) ಇಟ್ಟು, ಯಾವ ಎಕ್ಸ್‌ಪರ್ಟ್ ಮಾತು ಎಷ್ಟು ಕೇಳ್ಬೇಕು ಅಂತ ತೀರ್ಮಾನಿಸೋ ಗೇಟ್‌ನ ಪ್ರತಿ ಗುರಿಗೂ ಬೇರೆಬೇರೆ ಕೊಟ್ಟ ಮೇಲೆ ಈ ತೊಂದರೆ ತುಂಬಾ ತಗ್ಗಿತು.

ಮೂರನೇದು ಹೊಸದಾಗಿ ಅಪ್‌ಲೋಡ್ ಮಾಡೋರಿಗೆ ಜಾಗ ಕೊಡೋದು. ಇದನ್ನೂ ವೇಟ್ ಹಾಕಿ ಸೇರಿಸೋಕೆ ಹೋಗಿ ಸೋತ್ವಿ, ಯಾಕಂದ್ರೆ ಹೊಸ ವಿಡಿಯೋ ಜಾಸ್ತಿ ಬಂದ ದಿನ ಫೀಡ್ ತುಂಬಾ ಅವೇ, ಕಮ್ಮಿ ಬಂದ ದಿನ ಒಂದೂ ಕಾಣ್ತಿರ್ಲಿಲ್ಲ. ಕೊನೆಗೆ ಅದನ್ನ ಕಂಡೀಶನ್ ಮಾಡ್ಬಿಟ್ವಿ: ಹೊಸಬರ ಪಾಲು ಇಷ್ಟಕ್ಕಿಂತ ಕೆಳಗೆ ಹೋಗ್ಬಾರ್ದು, ಅದರೊಳಗೆ ಮಿಕ್ಕ ಎರಡನ್ನ ಎಷ್ಟಾಗುತ್ತೋ ಅಷ್ಟು ಏರಿಸು. ಇದಕ್ಕೆ ಹೊಸಬರ ವಿಡಿಯೋ ಸ್ಕೋರ್‌ಗೆ ಲ್ಯಾಂಬ್ಡಾ ಅನ್ನೋ ಒಂದು ಸಂಖ್ಯೆಯಷ್ಟು ಒತ್ತು ಸೇರಿಸ್ತೀವಿ: ಪಾಲು ಕೆಳಗಿಳಿದ್ರೆ ಲ್ಯಾಂಬ್ಡಾ ಸ್ವಲ್ಪ ಏರುತ್ತೆ, ಮೇಲಿದ್ರೆ ಇಳಿಯುತ್ತೆ, ಸೊನ್ನೆಗಿಂತ ಕೆಳಗೆ ಮಾತ್ರ ಹೋಗಲ್ಲ. ಒಮ್ಮೆಲೇ ಜಾಸ್ತಿ ಏರಿಸಿದ್ರೆ ಫೀಡ್ ಜೋಲಿ ಹೊಡಿಯುತ್ತೆ, ಅದಕ್ಕೆ ಹೆಜ್ಜೆ ಚಿಕ್ಕದಿರ್ಬೇಕು.

ಈಗ ಮೀಟಿಂಗಲ್ಲಿ ವೇಟ್ 0.3 ಇಡೋದಾ 0.4 ಇಡೋದಾ ಅಂತ ಯಾರೂ ಕೇಳಲ್ಲ, ನೂರು ಜಾಗದಲ್ಲಿ ಹೊಸಬರಿಗೆ ಎಷ್ಟು ಅಂತ ಕೇಳ್ತಾರೆ, ಕೋಡ್ ಬರೀದೇ ಇರೋರೂ ಅದರ ಬಗ್ಗೆ ವಾದ ಮಾಡ್ತಾರೆ.