ಗೇಶಾ ನೋಡಬೇಕೆನ್ನುವ ನೆಂಟರು: ಕ್ಯೋಟೋದ ಹೊಸಬರಿಗೆ ನಾಲ್ಕು ಮಾತು

ಊರಿನಿಂದ ನೆಂಟರು ಬಂದರೆ ಗೇಶಾ, ಎಂದರೆ ಕೂಟಗಳಲ್ಲಿ ನೃತ್ಯ-ಸಂಗೀತದಿಂದ ರಂಜಿಸುವ ಜಪಾನಿನ ಕಲಾವಿದೆಯರನ್ನು, ನೋಡಲೇಬೇಕೆಂದು ಹಟ ಹಿಡಿಯುತ್ತಾರೆ, ನಮ್ಮವರು ಅವರನ್ನು ಸಂಜೆ ಗೇಶಾಗಳ ಬಡಾವಣೆಯಾದ ಗಿಯೋನ್‌ನ ಹನಾಮಿಕೋಜಿ ಬೀದಿಗೆ ಕರೆದೊಯ್ದು ಮೊಬೈಲ್ ಹಿಡಿದು ನಿಲ್ಲಿಸುತ್ತಾರೆ. ದಯವಿಟ್ಟು ಇದನ್ನು ಬಿಡಿ. ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳನ್ನು ಅಡ್ಡಗಟ್ಟುವವರ ಕಾಟ ತಾಳಲಾರದೆ 2024ರಲ್ಲಿ ಅಲ್ಲಿನ ಖಾಸಗಿ ಓಣಿಗಳನ್ನು ಪ್ರವಾಸಿಗರಿಗೆ ಮುಚ್ಚಿ, 10,000 ಯೆನ್ ದಂಡದ ಫಲಕ ಹಾಕಿದ್ದಾರೆ.

ಇದಕ್ಕಿಂತ ಮುಜುಗರದ ತಪ್ಪು ಇನ್ನೊಂದಿದೆ. ಗೇಶಾಗಳ ಕೂಟ ನಡೆಯುವ ಓಚಾಯಾ ಎಂಬ ಚಹಾಮನೆಗಳಿಗೆ ಪರಿಚಯವಿಲ್ಲದವರನ್ನು ಸೇರಿಸುವುದಿಲ್ಲವೆಂದು ತಿಳಿದೊಡನೆ ನಾವು ಊರಿನ ಅಭ್ಯಾಸದಂತೆ ಕಚೇರಿಯ ಹಿರಿಯರಿಗೆ 'ಒಂದು ಮಾತು ಹೇಳಿಬಿಡಿ' ಎಂದು ದುಂಬಾಲು ಬೀಳುತ್ತೇವೆ. ಆದರೆ ಅಲ್ಲಿ ಊಟ, ವಾಹನ, ಕಲಾವಿದೆಯರ ಸಂಭಾವನೆ ಎಲ್ಲವನ್ನೂ ಓಚಾಯಾದ ಒಡತಿಯೇ ಮೊದಲು ಭರಿಸಿ ಆಮೇಲೆ ಬಿಲ್ಲು ಕಳುಹಿಸುವುದು ರೂಢಿ. ನಾವು ಕೊಡದಿದ್ದರೆ, ಕುಡಿದು ಅಸಭ್ಯವಾಗಿ ನಡೆದುಕೊಂಡರೆ, ಪರಿಚಯಿಸಿದವರೇ ಹೊಣೆ. ಎಂದರೆ ನಾವು ಕೇಳುತ್ತಿರುವುದು ಜಾಮೀನನ್ನು.

'ಇವರೂ ದೇವದಾಸಿಯರ ಹಾಗೆಯೇ?' ಎಂದು ನೆಂಟರು ದನಿ ತಗ್ಗಿಸಿ ಕೇಳುವುದುಂಟು. ಶಾಮಿಸೆನ್ ವಾದ್ಯ, ನೃತ್ಯ, ಮಾತುಗಾರಿಕೆ ಗೇಶಾಗಳ ವೃತ್ತಿ, ವೇಶ್ಯಾವೃತ್ತಿಯಲ್ಲ. ಆದರೆ ಇತಿಹಾಸದಲ್ಲಿ ಬಡ ಮನೆಗಳು ಸಾಲಕ್ಕೆ ಹೆಣ್ಣುಮಕ್ಕಳನ್ನು ಒಪ್ಪಿಸಿದ್ದೂ ನಿಜ, ಅದನ್ನು ಮರೆಮಾಚಬೇಡಿ. 1920ರ ದಶಕದಲ್ಲಿ ಸುಮಾರು 80,000ದಷ್ಟಿದ್ದರೆಂದು ಹೇಳಲಾಗುವ ಗೇಶಾಗಳು ಈಗ ಸಾವಿರದ ಆಸುಪಾಸಿನಲ್ಲಿದ್ದಾರೆ. ಯುದ್ಧಕಾಲದಲ್ಲಿ, 1944ರಲ್ಲಿ, ಓಚಾಯಾಗಳನ್ನು ಮುಚ್ಚಿಸಲಾಯಿತು; ಆಮೇಲೆ ಕಡ್ಡಾಯ ಶಿಕ್ಷಣದ ಅವಧಿ ಹೆಚ್ಚಿತು, ಬಾರುಗಳು ಬಂದವು; 1990ರ ದಶಕದಲ್ಲಿ ಕಂಪನಿಗಳ ಸತ್ಕಾರದ ಖರ್ಚೂ ಕುಗ್ಗಿತು. ಇಂದು ಮಾಯ್ಕೊ ಎಂಬ ಕಲಿಕೆಯ ಹುಡುಗಿಯರು ಹದಿನೈದರ ಹೊತ್ತಿಗೆ ಮನೆ ಬಿಟ್ಟು ಓಕಿಯಾ ಎಂಬ ಗೇಶಾಗಳ ವಸತಿಮನೆ ಸೇರುತ್ತಾರೆ. ನಮ್ಮ ಮಗಳನ್ನು ಹಾಗೆ ಕಳುಹಿಸುತ್ತೇವೆಯೇ? ಖಂಡಿತ ಇಲ್ಲ. ಭಾನುವಾರದ ಭರತನಾಟ್ಯ ತರಗತಿಗೆ ಮಾತ್ರ ಹೆಮ್ಮೆಯಿಂದ ಬಿಟ್ಟುಬರುತ್ತೇವೆ. ಆ ಕಲೆಯನ್ನು ತಲೆಮಾರುಗಳ ಕಾಲ ಕಾಪಾಡಿದ ದೇವದಾಸಿ ಹೆಂಗಸರನ್ನು ರಂಗದಿಂದ ಹೊರಗಿಟ್ಟು ನೃತ್ಯವನ್ನಷ್ಟೇ ಮನೆಗೆ ತಂದುಕೊಂಡವರು ನಾವು. ಇಲ್ಲಿ ಜಪಾನಿನಲ್ಲಿ ಕಲೆಯೂ ಕಲಾವಿದೆಯೂ ಬೇರೆಯಾಗಲಿಲ್ಲ, ಆದ್ದರಿಂದಲೇ ಎರಡೂ ಒಟ್ಟಿಗೆ ಸೊರಗುತ್ತಿವೆ ಎಂಬುದು ನನ್ನ ಅನಿಸಿಕೆ.

ನೆಂಟರನ್ನು ಏಪ್ರಿಲ್‌ನಲ್ಲಿ ಬರಹೇಳಿ, 1872ರಲ್ಲಿ ಆರಂಭವಾದ, ಗೇಶಾ-ಮಾಯ್ಕೊಗಳ ಮಿಯಾಕೊ ಓದೋರಿ ನೃತ್ಯಪ್ರದರ್ಶನಕ್ಕೆ ಕರೆದೊಯ್ಯಿರಿ. ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಚಹಾ ಸೇರಿದ ಟಿಕೆಟ್ ಕೊಂಡರೆ ಮಾಚಾ ಎಂಬ ಹಸಿರು ಚಹಾದೊಡನೆ ಸಿಹಿಯೂ ಬರುತ್ತದೆ, ಸಿಹಿಯಿಟ್ಟ ಪುಟ್ಟ ತಟ್ಟೆಯನ್ನು ಮನೆಗೆ ಒಯ್ಯಬಹುದು. ಸಸ್ಯಾಹಾರಿ ಹಿರಿಯರಿದ್ದರೆ ಮಾಯ್ಕೊ ಜೊತೆಗಿನ ಭೋಜನಕ್ಕೆ ಹಣ ಕಟ್ಟುವ ಮೊದಲೇ ವಿಚಾರಿಸಿ, ಏಕೆಂದರೆ ಬರೀ ತರಕಾರಿಯೆಂದು ಬಡಿಸಿದ ಬಟ್ಟಲಿನ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ಕಷಾಯವೇ ಆಧಾರವಾಗಿರುತ್ತದೆ.